ಹುಲ್ಲಲ್ಲದ ಹುಲ್ಲು: ಜೇಕಿನ ಕುಲವಿಚಾರ

ಸಿರುಗುಪ್ಪ, ಕುರುಗೋಡು ಕಡೆಯ ಎರೆಹೊಲಗಳಲ್ಲಿಯೂ ತುಂಗಭದ್ರಾ ಕಾಲುವೆಯ ದಂಡೆಗಳಲ್ಲಿಯೂ ಬಳ್ಳಾರಿಯ ಬ್ರೂಸ್‌ಪೇಟೆಯಂತಹ ಹಳೆಯ ಪೇಟೆಗಳ ಚರಂಡಿಯಂಚಿನಲ್ಲಿಯೂ ಬೇರೂರಬಲ್ಲ ಜೇಕನ್ನು, ಅಂದರೆ ಕೊನ್ನಾರಿ ಗಡ್ಡೆ, ತುಂಗೆ ಹುಲ್ಲು ಎಂಬ ಹೆಸರುಗಳೂ ಉಳ್ಳ ಸಸ್ಯವನ್ನು, ಜನ ಹುಲ್ಲೆಂದೇ ಎಣಿಸಿ ಕೀಳುತ್ತಾರಾದರೂ ಸಸ್ಯಶಾಸ್ತ್ರದ ಪ್ರಕಾರ ಅದು ಹುಲ್ಲಲ್ಲ. ಇದನ್ನು ತಿಳಿಯಲು ಸೂಕ್ಷ್ಮದರ್ಶಕ ಬೇಕಿಲ್ಲ, ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಸಾಕು. ಹುಲ್ಲಿನ ದಂಟು ಸಾಮಾನ್ಯವಾಗಿ ದುಂಡಗಿದ್ದು, ಗಿಣ್ಣುಗಳ ನಡುವೆ ಟೊಳ್ಳಾಗಿದ್ದರೆ, ಜೇಕಿನ ಹೂದಂಟು ಮೂರು ಮೂಲೆಯದಾಗಿ, ಗಿಣ್ಣಿಲ್ಲದೆ, ತಿರುಳು ತುಂಬಿಕೊಂಡಿರುತ್ತದೆ. ಹುಲ್ಲಿನ ಎಲೆಗಳು ಎರಡು ಸಾಲಾಗಿ ಹೊರಟರೆ ಜೇಕಿನವು ಮೂರು ಸಾಲಾಗಿ ಹೊರಡುತ್ತವೆ.

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರ ತನ್ನ ‘ಸ್ಪೀಷೀಸ್ ಪ್ಲಾಂಟಾರಮ್’ ಗ್ರಂಥದಲ್ಲಿ ಇದಕ್ಕೆ ‘ಸೈಪರಸ್ ರೊಟಂಡಸ್’ ಎಂಬ ಜೋಡಿಹೆಸರನ್ನು ಕೊಟ್ಟನು; ಇದರಲ್ಲಿ ಮೊದಲನೆಯ ಪದ ಹತ್ತಿರದ ಬಂಧುಗಳ ಗುಂಪಾದ ಕುಲವನ್ನೂ, ಎರಡೂ ಪದಗಳು ಸೇರಿ ಆ ಗುಂಪಿನೊಳಗಿನ ಒಂದು ಪ್ರಭೇದವನ್ನೂ ಸೂಚಿಸುತ್ತವೆ. ಹೂವಿನ ಗಂಡು ಭಾಗವಾದ ಕೇಸರಗಳನ್ನು ಎಣಿಸಿ ವರ್ಗವನ್ನು ನಿರ್ಧರಿಸುತ್ತಿದ್ದ ಲಿನೇಯಸ್, ಮೂರು ಕೇಸರಗಳಿರುವ ಕಾರಣಕ್ಕೆ ಜೇಕನ್ನು ಬಹುಪಾಲು ಹುಲ್ಲುಗಳಿದ್ದ ವರ್ಗಕ್ಕೇ ಸೇರಿಸಿ, ಹೆಣ್ಣು ಭಾಗದ ಶಲಾಕೆ ಒಂದೇ ಇರುವುದರಿಂದ ಬೇರೆ ಗಣದಲ್ಲಿಟ್ಟನು. ವಿನೋದವೆಂದರೆ, ಹೂವನ್ನು ಎಣಿಸಿ ಜಾಗ ಗೊತ್ತುಮಾಡಿದರೂ ದುಂಡನೆಯದು ಎಂಬ ಅರ್ಥದ ‘ರೊಟಂಡಸ್’ ಸಂದದ್ದು ಮಣ್ಣಿನೊಳಗಿನ ಗಡ್ಡೆಗೆ. ಕೊನ್ನಾರಿ ಗಡ್ಡೆಯೆಂದು ಕರೆದವರು ಕಂಡದ್ದೂ ಅದನ್ನೇ.

ಇಂದು ಜೇಕು, ಸುಮಾರು 5,500 ಪ್ರಭೇದಗಳ ಸೈಪರೇಸಿ ಕುಟುಂಬದ ಸದಸ್ಯ. ಹುಲ್ಲಿನ ಕುಟುಂಬವೂ ಇದೂ ಪೋಯೇಲ್ಸ್ ಎಂಬ ಒಂದೇ ಗಣಕ್ಕೆ ಸೇರಿದ್ದರೂ ಜೇಕಿಗೆ ಹೆಚ್ಚು ಹತ್ತಿರದ ನಂಟು ಜುಂಕೇಸಿ ಎಂಬ ಮತ್ತೊಂದು ಕುಟುಂಬದೊಡನೆ ಇದೆ. ಡಿಎನ್‌ಎ ಹೋಲಿಕೆಯ ಆಧಾರದ ಮೇಲೆ ಕಿಲ್ಲಿಂಗ, ಪಿಕ್ರಿಯಸ್ ಮುಂತಾದ ಕುಲಗಳನ್ನೂ ಈಚೆಗೆ ಸೈಪರಸ್ಸಿನೊಳಗೇ ಸೇರಿಸಿಕೊಂಡದ್ದರಿಂದ ಆ ಕುಲದ ಪ್ರಭೇದಗಳು 900ನ್ನು ಮೀರಿವೆ.

ಈ ವಿಂಗಡಣೆ ಬರಿಯ ಪುಸ್ತಕದ ಮಾತಲ್ಲ, ಏಕೆಂದರೆ ಹುಲ್ಲುಜಾತಿಯನ್ನಷ್ಟೇ ಕೊಲ್ಲುವ ಕಳೆನಾಶಕಗಳು ಜೇಕನ್ನು ಮುಟ್ಟುವುದಿಲ್ಲ. ನೆಲದಡಿಯ ಬೇರುಕಾಂಡದುದ್ದಕ್ಕೂ ಸರದಂತೆ ಕೂಡಿಕೊಂಡ ಗಡ್ಡೆಗಳಲ್ಲಿ ತುದಿಯದು ಉಳಿದವನ್ನು ಚಿಗುರಗೊಡದೆ ತಡೆದಿರುತ್ತದೆ. ಕುಂಟೆ ಹೊಡೆದಾಗ ಸರ ಹರಿದು ಒಂದೊಂದು ಗಡ್ಡೆಯೂ ಬೇರೆ ಬೇರೆ ಗಿಡವಾಗಿ ಏಳುತ್ತದೆ. ಭದ್ರಮುಷ್ಟಿ ಎಂಬ ಹೆಸರಿನಿಂದ ಆಯುರ್ವೇದದ ಕಷಾಯಗಳಿಗೆ ಬೀಳುವುದೂ ಇದೇ ಗಡ್ಡೆ.