ಬ್ಯಾಗನ್ನು ಒಳಗಿನಿಂದ ನೋಡಿ ಕೊಳ್ಳಿ

ರಾಜಗೋಪಾಲನಗರದಲ್ಲಿ ಹೊಲಿಗೆ ಗೊತ್ತಿರುವವರು ಒಬ್ಬರೂ ಇಲ್ಲದ ವಠಾರ ಸಿಗುವುದು ಅಪರೂಪ. ಪೀಣ್ಯದ ಗಾರ್ಮೆಂಟ್ಸ್‌ಗೆ ಬೆಳಿಗ್ಗೆ ಹೊರಡುವ ಹೆಂಗಸರು ಒಂದು ಶರ್ಟಿನ ಕಾಲರ್ ಮುಟ್ಟಿದರೆ ಸಾಕು, ಇದು ಎಷ್ಟು ಒಗೆತ ತಡೆಯುತ್ತದೆ ಎಂದು ಹೇಳಿಬಿಡುತ್ತಾರೆ. ಅದೇ ವಠಾರದಿಂದ ಮದುವೆ ಫೋಟೊಗ್ರಫಿಗೆ ಓಡಾಡುವ ಹುಡುಗರಿದ್ದಾರೆ. ಪೀಣ್ಯದ ಮಷಿನ್ ಶಾಪುಗಳಿಗೆ ಹೋಗಿ ಕ್ಯಾಟಲಾಗ್‌ಗಾಗಿ ಗೇರು, ವಾಲ್ವುಗಳ ಫೋಟೊ ತೆಗೆದುಕೊಡುವವರೂ ಇದ್ದಾರೆ. ಇವರು ಕ್ಯಾಮೆರಾ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಹೊರುವ ಬ್ಯಾಗ್ ಕೊಳ್ಳಲು ಹೋದಾಗ ಕೇಳುವ ಪ್ರಶ್ನೆಗಳು ಮೂರೇ: ಎಷ್ಟು ಲೀಟರ್? ವಾಟರ್‌ಪ್ರೂಫಾ? ಯಾವ ಬ್ರ್ಯಾಂಡ್? ಮನೆಯಲ್ಲೇ ಇರುವ ಹೊಲಿಗೆಯ ಜಾಣತನವನ್ನು ಅಂಗಡಿಗೆ ಕರೆದೊಯ್ಯುವುದೇ ಇಲ್ಲ. ಲಕ್ಷಗಟ್ಟಲೆ ಬೆಲೆಯ ಸಾಮಾನು ತೂಗಾಡುವುದು ಕೊನೆಗೆ ದಾರದ ಮೇಲೆ ತಾನೇ.

“ಬಟ್ಟೆ ದಪ್ಪ ಇದ್ದರೆ ಬ್ಯಾಗ್ ಗಟ್ಟಿ”

ಚೀಟಿಯಲ್ಲಿ 1680ಡಿ ಎಂದು ಬರೆದಿದ್ದರೆ ಅದು 420ಡಿಗಿಂತ ನಾಲ್ಕು ಪಟ್ಟು ಗಟ್ಟಿ ಎಂದು ಅಂಗಡಿಯವನೂ ನಂಬಿದ್ದಾನೆ, ಕೊಳ್ಳುವವನೂ ನಂಬಿದ್ದಾನೆ. ಡಿ ಎಂದರೆ ಡೆನಿಯರ್, ಅದು ನೂಲಿನ ತೂಕದ ಅಳತೆ ಅಷ್ಟೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. ಆ ನೂಲು ನೈಲಾನೋ ಪಾಲಿಯೆಸ್ಟರೋ, ನೇಯ್ಗೆ ಒತ್ತಾಗಿದೆಯೋ ಸಡಿಲವೋ, ಒಳಗೆ ಎಂಥ ಲೇಪ ಕೊಟ್ಟಿದ್ದಾರೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಒಳ್ಳೆಯ ನೈಲಾನಿನ ತೆಳು ಬಟ್ಟೆ, ಅಗ್ಗದ ಪಾಲಿಯೆಸ್ಟರಿನ ದಪ್ಪ ಬಟ್ಟೆಗಿಂತ ಹೆಚ್ಚು ವರ್ಷ ಬಾಳುವುದುಂಟು.

ಅದಕ್ಕಿಂತ ಮುಖ್ಯವಾದ ಮಾತು: ಬ್ಯಾಗು ಹಾಳಾಗುವಾಗ ನಡುಬಟ್ಟೆ ಹರಿಯುವುದು ಕಡಿಮೆ. ಕಿತ್ತುಬರುವುದು ಭುಜದ ಪಟ್ಟಿಯ ಬುಡ, ಮೇಲಿನ ಹಿಡಿಕೆಯ ಬುಡ, ಇಲ್ಲವೇ ಝಿಪ್ಪಿನ ಮೂಲೆ. ಪ್ಯಾಂಟಿನ ಬೆಲ್ಟ್ ಲೂಪಿನ ತುದಿಯಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಇರುತ್ತದಲ್ಲ, ಗಾರ್ಮೆಂಟ್ಸ್‌ನಲ್ಲಿ ಅದಕ್ಕೆ ಬಾರ್‌ಟ್ಯಾಕ್ ಎನ್ನುತ್ತಾರೆ. ಒಂದು ಬೆರಳಗಲವೂ ಇಲ್ಲದ ಜಾಗದಲ್ಲಿ ಮಷಿನ್ 28 ಅಥವಾ 42 ಹೊಲಿಗೆ ಹಾಕಿಬಿಡುತ್ತದೆ. ಭುಜದ ಪಟ್ಟಿ ಬೆನ್ನಿಗೆ ಸೇರುವಲ್ಲಿ ಆ ಹೊಲಿಗೆ ಇರಬೇಕು, ಅಥವಾ ಚೌಕದೊಳಗೆ ಗುಣಿಸು ಚಿಹ್ನೆ ಹಾಕಿದಂಥ ಹೊಲಿಗೆಯಾದರೂ ಇರಬೇಕು. ಬರೀ ಒಂದು ಸಾಲು ಓಡಿಸಿ ಬಿಟ್ಟಿದ್ದರೆ ಬ್ರ್ಯಾಂಡ್ ಯಾವುದಾದರೂ ಸರಿ, ವಾಪಸ್ ಇಟ್ಟುಬಿಡಿ.

ನೋಡುವ ಕ್ರಮ ಹೀಗೆ. ಎಲ್ಲ ಝಿಪ್ ತೆರೆಯಿರಿ, ಪ್ಯಾಡಿನ ಗೋಡೆಗಳನ್ನು ತೆಗೆಯಿರಿ, ಬ್ಯಾಗಿನ ಹೊಟ್ಟೆಯನ್ನು ಆದಷ್ಟು ಹೊರಗೆ ತಿರುಗಿಸಿ. ಒಳಗಿನ ಅಂಚುಗಳಿಗೆ ಪೈಪಿಂಗ್ ಪಟ್ಟಿ ಸುತ್ತಿ ಹೊಲಿದಿದ್ದಾರೆಯೇ, ಅಥವಾ ಕತ್ತರಿಸಿದ ಬಟ್ಟೆಯ ನೂಲು ಹಾಗೇ ಹೊರಗೆ ಇಣುಕುತ್ತಿದೆಯೇ? ನೂಲು ಬಿಟ್ಟುಕೊಂಡ ಅಂಚು ಭಾರ ಬಿದ್ದಂತೆ ಒಂದೊಂದೇ ಎಳೆಯಾಗಿ ಜಾರುತ್ತದೆ. ಒಂದು ದಿನ ಹೊಲಿಗೆ ಗಟ್ಟಿಯಾಗಿಯೇ ಇರುತ್ತದೆ, ಅದು ಹಿಡಿದುಕೊಳ್ಳಲು ಬಟ್ಟೆ ಇರುವುದಿಲ್ಲ. ಈ ತಪಾಸಣೆಗೆ ಅಕ್ಕನನ್ನೋ ಪಕ್ಕದ ಮನೆಯವರನ್ನೋ ಜೊತೆಗೆ ಕರೆದೊಯ್ಯುವುದು ಆನ್‌ಲೈನಿನ ಐದು ನಕ್ಷತ್ರಗಳಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

“ವಾಟರ್‌ಪ್ರೂಫ್ ಬ್ಯಾಗು, ಮಳೆಯ ಚಿಂತೆ ಇಲ್ಲ”

ಬಟ್ಟೆ ನೀರು ತಡೆಯುತ್ತದೆ, ನಿಜ. ಅದರ ಒಳಮೈಗೆ ಪಾಲಿಯುರೆಥೇನ್ ಲೇಪ ಇರುತ್ತದೆ. ಆದರೆ ಸೂಜಿ ಇಳಿದ ಕಡೆಯೆಲ್ಲ ತೂತು, ಝಿಪ್ಪಿನ ಹಲ್ಲುಗಳ ನಡುವೆಯೂ ಸಂದು. ಹೊಲಿಗೆಯ ಮೇಲೆ ಒಳಗಿನಿಂದ ಟೇಪ್ ಅಂಟಿಸದ ಹೊರತು, ಅಥವಾ ಹೊಲಿಯುವ ಬದಲು ಬೆಸೆದು ಮಾಡದ ಹೊರತು ಯಾವ ಬ್ಯಾಗೂ ಪೂರ್ತಿ ವಾಟರ್‌ಪ್ರೂಫ್ ಅಲ್ಲ. ಮಾರುಕಟ್ಟೆಯಲ್ಲಿರುವ ಬಹುಪಾಲು ಬ್ಯಾಗುಗಳು ಹನಿ ತಡೆಯುವಂಥವು, ಜಡಿಮಳೆ ತಡೆಯುವಂಥವಲ್ಲ.

“ರೇನ್ ಕವರ್ ಇದೆಯಲ್ಲ” ಎನ್ನುತ್ತೀರಿ. ಬೈಕಿನವರು ಇಲ್ಲೇ ಮೋಸ ಹೋಗುವುದು. ರೇನ್ ಕವರ್ ಮುಚ್ಚುವುದು ಬ್ಯಾಗಿನ ಹೊರಮೈಯನ್ನು. ಬೆನ್ನಿಗೆ ಅಂಟುವ ಬದಿ ತೆರೆದೇ ಇರುತ್ತದೆ. ಸೆಪ್ಟೆಂಬರಿನ ಒಂದು ಸಂಜೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದಿದ್ದೀರಿ ಅಂದುಕೊಳ್ಳಿ. ಹೆಲ್ಮೆಟ್ಟಿನಿಂದ ಇಳಿದ ನೀರು ಕುತ್ತಿಗೆಗೆ, ಅಲ್ಲಿಂದ ಬೆನ್ನಿಗೆ, ಬೆನ್ನಿನಿಂದ ನೇರ ಭುಜದ ಪಟ್ಟಿಯ ಬುಡಕ್ಕೆ ಹರಿಯುತ್ತದೆ. ಆ ಬುಡದ ಹಿಂದೆಯೇ ಇರುವುದು ಲ್ಯಾಪ್‌ಟಾಪಿನ ಖಾನೆ. ಹೊರಗಡೆಯ ಕ್ಯಾಮೆರಾ ಒಣಗಿಯೇ ಇರುತ್ತದೆ, ಒಳಗಡೆಯ ಲ್ಯಾಪ್‌ಟಾಪ್ ಒದ್ದೆ! ಬೈಕಿನಲ್ಲಿ ಹೋಗುವವರು ಬ್ಯಾಗಿನ ಸಮೇತ ಮುಚ್ಚುವ ಅಗಲದ ರೇನ್‌ಕೋಟ್ ಹಾಕಬೇಕು, ಇಲ್ಲವೇ ಲ್ಯಾಪ್‌ಟಾಪನ್ನು ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಮಡಚಿ ಆಮೇಲೆ ಖಾನೆಗೆ ಇಳಿಸಬೇಕು. ಕಾಸು ಖರ್ಚಿಲ್ಲದ ಈ ಎರಡನೆಯ ಉಪಾಯದ ಮುಂದೆ ಯಾವ ಲೇಪವೂ ನಿಲ್ಲದು.

ಆ ಲೇಪಕ್ಕೂ ಆಯುಸ್ಸು ಇದೆ. ತೇವದ ಗಾಳಿಯಲ್ಲಿ ಪಾಲಿಯುರೆಥೇನ್ ವರ್ಷಗಳಾದಂತೆ ಒಡೆಯುತ್ತದೆ. ಮೊದಲು ಅಂಟಂಟು, ಆಮೇಲೆ ಹೊಟ್ಟಿನಂತೆ ಪುಡಿ. ಹಳೆಯ ಬ್ಯಾಗಿನ ಒಳಗೆ ಕೈಯಾಡಿಸಿದಾಗ ಬೆರಳಿಗೆ ಬಿಳಿ ಚೂರು ಮೆತ್ತಿಕೊಂಡರೆ ಅದು ಧೂಳಲ್ಲ, ಉದುರುತ್ತಿರುವ ಲೇಪ. ಲೆನ್ಸ್ ಬದಲಿಸುವಾಗ ಅದೇ ಚೂರು ಸೆನ್ಸರಿನ ಮೇಲೆ ಕೂರುತ್ತದೆ. ಅಂಥ ಬ್ಯಾಗನ್ನು ತರಕಾರಿಗೆ ಇಟ್ಟುಕೊಳ್ಳಿ.

“ಮೂವತ್ತು ಲೀಟರ್ ಇದ್ದರೆ ಎಲ್ಲಾ ಹಿಡಿಸುತ್ತೆ”

ಲೀಟರ್ ಅಳೆಯಲು ಒಂದು ಪ್ರಮಾಣಿತ ಪದ್ಧತಿ ಇದೆ. ಸಣ್ಣ ಪ್ಲಾಸ್ಟಿಕ್ ಗೋಲಿಗಳನ್ನು ತುಂಬಿ ಅಳೆಯುತ್ತಾರೆ. ಎಲ್ಲ ಕಂಪನಿಗಳೂ ಅದನ್ನು ಪಾಲಿಸುವುದಿಲ್ಲ. ಪಾಲಿಸಿದರೂ ಗೋಲಿ ಮೂಲೆಮೂಲೆಗೆ ಹೋಗುತ್ತದೆ, 70–200 ಲೆನ್ಸ್ ಹೋಗುವುದಿಲ್ಲ. ನಮಗೆ ಬೇಕಾದದ್ದು ಸೆಂಟಿಮೀಟರ್. ಎಫ್ 2.8ರ 70–200 ಲೆನ್ಸ್ ಸಾಮಾನ್ಯವಾಗಿ ಹುಡ್ ಇಲ್ಲದೆಯೇ ಸುಮಾರು 20 ಸೆಂ.ಮೀ. ಉದ್ದ. ಅದನ್ನು ಕ್ಯಾಮೆರಾಕ್ಕೆ ಹಾಕಿಯೇ ಇಡಬೇಕೆಂದರೆ ಖಾನೆಯ ಉದ್ದ ಮೂವತ್ತಕ್ಕೆ ಹತ್ತಿರ ಇರಲೇಬೇಕು. ಮನೆಯಿಂದ ಟೇಪು ಒಯ್ಯಿರಿ. ಅದಕ್ಕಿಂತ ಒಳ್ಳೆಯದೆಂದರೆ ಸಾಮಾನನ್ನೇ ಒಯ್ದು ಇಟ್ಟು ನೋಡುವುದು.

ಲ್ಯಾಪ್‌ಟಾಪಿನ ಇಂಚಿನ ಕತೆಯೂ ಅದೇ. 15.6 ಇಂಚು ಎಂಬುದು ಪರದೆಯ ಕರ್ಣ, ಅಂದರೆ ಮೂಲೆಯಿಂದ ಮೂಲೆಗೆ ಅಳತೆ. ಯಂತ್ರದ ಅಗಲ ಸುಮಾರು 36 ಸೆಂ.ಮೀ. ಬರುತ್ತದೆ, ದಪ್ಪ ಒಂದೊಂದರದ್ದು ಒಂದೊಂದು. ವಿಡಿಯೊ ಎಡಿಟಿಂಗಿಗೆಂದು ಕೊಂಡ ಗೇಮಿಂಗ್ ಲ್ಯಾಪ್‌ಟಾಪ್, “15.6ಕ್ಕೆ ಸರಿಹೊಂದುತ್ತದೆ” ಎಂದು ಬರೆದ ಖಾನೆಗೆ ಹೋಗದಿರುವುದು ಸಾಮಾನ್ಯ. ಇನ್ನೊಂದನ್ನು ಕೈಯಿಂದಲೇ ನೋಡಬೇಕು: ಖಾನೆಯ ತಳ ಬ್ಯಾಗಿನ ತಳಕ್ಕಿಂತ ಎರಡು ಮೂರು ಸೆಂ.ಮೀ. ಮೇಲೆಯೇ ನಿಲ್ಲುತ್ತದೆಯೇ? ಖಾನೆಯೊಳಗೆ ಕೈ ಇಳಿಸಿ, ಇನ್ನೊಂದು ಕೈಯನ್ನು ಬ್ಯಾಗಿನಡಿ ಹಿಡಿಯಿರಿ. ಎರಡು ಕೈ ನಡುವೆ ಮೆತ್ತೆಯೋ ಖಾಲಿ ಜಾಗವೋ ಸಿಗಬೇಕು. ಸಿಗದಿದ್ದರೆ ಛತ್ರದ ನೆಲಕ್ಕೆ ಬ್ಯಾಗನ್ನು ದೊಪ್ಪನೆ ಇಳಿಸಿದಾಗ ಪೆಟ್ಟು ನೇರ ಲ್ಯಾಪ್‌ಟಾಪಿನ ಮೂಲೆಗೆ.

“ಭಾರವಾದದ್ದು ತಳದಲ್ಲಿ ಇರಲಿ”

ಮೊದಲು ಭಾರ ಎಷ್ಟೆಂದು ಲೆಕ್ಕ ಹಾಕೋಣ. ಮದುವೆ ಕೆಲಸದ ಸಾಧಾರಣ ಸರಂಜಾಮು: ಎರಡು ಫುಲ್‌ಫ್ರೇಮ್ ಬಾಡಿ 1.3 ಕೆ.ಜಿ., 24–70 ಮತ್ತು 70–200 ಸೇರಿ ಸುಮಾರು 2, ಒಂದು 85ರ ಪ್ರೈಮ್, ಎರಡು ಫ್ಲ್ಯಾಶ್, ಬ್ಯಾಟರಿಗಳು ಸೇರಿ ಒಂದೂಮುಕ್ಕಾಲು, ಲ್ಯಾಪ್‌ಟಾಪ್ 2.3, ಅದರ ಅಡಾಪ್ಟರ್ ಅರ್ಧ ಕೆ.ಜಿ.ಗೂ ಮೇಲೆ. ಎಂಟರ ಹತ್ತಿರ ಬಂತು. ಪ್ಯಾಡ್ ತುಂಬಿದ ಕ್ಯಾಮೆರಾ ಬ್ಯಾಗು ಖಾಲಿಯಿದ್ದರೂ ಎರಡು ಕೆ.ಜಿ. ತೂಗಬಲ್ಲದು. ಒಟ್ಟು ಹತ್ತು. ಶಾಲಾ ಮಕ್ಕಳ ಬ್ಯಾಗು ದೇಹತೂಕದ ಹತ್ತನೇ ಒಂದು ಭಾಗ ಮೀರಬಾರದು ಎನ್ನುತ್ತದೆ 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ. 2019ರಲ್ಲಿ ಕರ್ನಾಟಕ ಸರ್ಕಾರ 9–10ನೇ ತರಗತಿಗೆ 4ರಿಂದ 5 ಕೆ.ಜಿ. ಮಿತಿ ಹಾಕಿತ್ತು. ಮಕ್ಕಳ ಬೆನ್ನಿನ ಬಗ್ಗೆ ಸಭೆ ನಡೆಸುವ ನಾವು ಅರವತ್ತೈದು ಕೆ.ಜಿ.ಯ ಹುಡುಗನ ಬೆನ್ನಿಗೆ ಹತ್ತು ಕೆ.ಜಿ. ಏರಿಸಿ, “ಬ್ರೋ, ಮುಹೂರ್ತಕ್ಕೆ ಲೇಟಾಯ್ತು” ಎನ್ನುತ್ತೇವೆ.

ಭಾರವಾದದ್ದು ತಳದಲ್ಲಿ, ಅದೂ ಬೆನ್ನಿನಿಂದ ದೂರದಲ್ಲಿ ಇದ್ದರೆ ಬ್ಯಾಗು ಹಿಂದಕ್ಕೆ ಜಗ್ಗುತ್ತದೆ. ಅದನ್ನು ಸರಿದೂಗಿಸಲು ಮೈ ಮುಂದಕ್ಕೆ ಬಾಗುತ್ತದೆ, ನೋವು ಕುತ್ತಿಗೆಗೆ ಬರುತ್ತದೆ. ಲ್ಯಾಪ್‌ಟಾಪ್ ಬೆನ್ನಿಗೆ ಅಂಟಿ, ದೊಡ್ಡ ಲೆನ್ಸ್ ಬೆನ್ನಿನ ನಡುಭಾಗದ ಎತ್ತರಕ್ಕೆ, ಫ್ಲ್ಯಾಶ್ ಮತ್ತು ವೈರುಗಳು ಹೊರಬದಿಗೆ, ಇದು ಸರಿಯಾದ ಜೋಡಣೆ. ಕ್ಯಾಮೆರಾ ಖಾನೆಯನ್ನು ಕೆಳಗಿಟ್ಟು ಮೇಲೆ ಬಟ್ಟೆಗೆ ಜಾಗ ಬಿಡುವ ಬ್ಯಾಗುಗಳು ಪ್ರವಾಸಿಗರಿಗೆ ಸರಿ, ದಿನವಿಡೀ ನಿಂತು ಕೆಲಸ ಮಾಡುವವರಿಗೆ ಅಲ್ಲ.

ಸೊಂಟದ ಬೆಲ್ಟ್ ಬಗ್ಗೆಯೂ ಒಂದು ಭ್ರಮೆ. ಎರಡು ಬೆರಳಗಲದ ತೆಳು ಪಟ್ಟಿ ಭಾರ ಹೊರುವುದಿಲ್ಲ, ಬ್ಯಾಗು ಅಲುಗಾಡದಂತೆ ತಡೆಯುತ್ತದೆ ಅಷ್ಟೆ. ಭಾರ ಸೊಂಟಕ್ಕೆ ಇಳಿಯಬೇಕಾದರೆ ಬೆಲ್ಟು ಮೆತ್ತೆ ತುಂಬಿ ಅಗಲವಾಗಿರಬೇಕು, ಸೊಂಟದ ಎಲುಬಿನ ಮೇಲೆ ಕೂರಬೇಕು, ಬ್ಯಾಗಿನ ಬೆನ್ನೊಳಗೆ ಬಗ್ಗದ ಹಲಗೆ ಅಥವಾ ಕಡ್ಡಿ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಭಾರವೆಲ್ಲ ಭುಜಕ್ಕೇ.

“ಸ್ಕೂಟರಿನ ಮುಂದೆ ಇಟ್ಟರೆ ಸೇಫ್”

ಕಣ್ಣ ಮುಂದೆ ಇರುತ್ತದೆ, ನಿಜ. ಆದರೆ ಲಗ್ಗೆರೆ ಕಡೆಯ ಪ್ರತಿ ಹಂಪೂ ಸ್ಕೂಟರಿನ ತಳದ ಹಲಗೆಯಿಂದ ನೇರವಾಗಿ ಲೆನ್ಸಿಗೆ ಮುಟ್ಟುತ್ತದೆ. ಜೋರು ಇಂಜಿನ್ನಿನ ಮೋಟಾರ್‌ಸೈಕಲ್ಲುಗಳ ಕಂಪನ ಐಫೋನ್ ಕ್ಯಾಮೆರಾದ ಸ್ಟೆಬಿಲೈಸರ್ ಮತ್ತು ಫೋಕಸ್ ವ್ಯವಸ್ಥೆಯನ್ನು ಕೆಡಿಸಬಹುದು ಎಂದು 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು. ಮಿರರ್‌ಲೆಸ್ ಕ್ಯಾಮೆರಾ ಮತ್ತು ಸ್ಟೆಬಿಲೈಸರ್ ಇರುವ ಲೆನ್ಸುಗಳಲ್ಲೂ ಅಲುಗಾಡುವ ಭಾಗಗಳಿವೆ. ಬೆನ್ನ ಮೇಲಿದ್ದರೆ ನಡುವೆ ನಿಮ್ಮ ಮೈ ಇದೆ. ಅಷ್ಟು ಒಳ್ಳೆಯ ಶಾಕ್ ಅಬ್ಸಾರ್ಬರನ್ನು ಯಾರೂ ಮಾರುವುದಿಲ್ಲ. ಟ್ರೈಪಾಡನ್ನು ಮಾತ್ರ ಬೆನ್ನೆಲುಬಿನ ನೇರಕ್ಕೆ ಕಟ್ಟಬೇಡಿ. ಬಿದ್ದರೆ ಬೀಳುವುದು ಅದರ ಮೇಲೆಯೇ.

ಮಷಿನ್ ಶಾಪುಗಳಿಗೆ ಹೋಗುವವರಿಗೆ ಒಂದು ಮಾತು. ಲೇತಿನ ಸುತ್ತ ನೆಲದ ಮೇಲೆ ಕೂಲೆಂಟಿನ ಜಿಡ್ಡು, ಕೂದಲಿನಷ್ಟು ಸಣ್ಣ ಲೋಹದ ಚೂರು ಇದ್ದೇ ಇರುತ್ತದೆ. ಬಟ್ಟೆಯ ತಳದ ಬ್ಯಾಗು ಅದನ್ನೆಲ್ಲ ಮೆತ್ತಿಕೊಂಡು ಮನೆಗೆ ತರುತ್ತದೆ. ಒರೆಸಿದರೆ ಹೋಗುವ ರಬ್ಬರಿನಂಥ ತಳ ಇರುವುದನ್ನೇ ಆರಿಸಿ. ಬೆನ್ನ ಕಡೆಯಿಂದ ತೆರೆಯುವ ಬ್ಯಾಗುಗಳು ಬಸ್ಸಿನ ನೂಕುನುಗ್ಗಲಲ್ಲಿ ಕಳ್ಳರಿಂದ ಕಾಪಾಡುತ್ತವೆ. ಆದರೆ ತೆರೆಯಲು ಮುಂಬದಿಯನ್ನು ನೆಲಕ್ಕೆ ಹಾಕಬೇಕು, ಹಾಗಾಗಿ ಮುಂಬದಿಯ ಬಟ್ಟೆಯೂ ಒರೆಸುವಂತಿರಲಿ.

ಸಣ್ಣಪುಟ್ಟ ಭಯಗಳನ್ನು ಬೇಗ ಮುಗಿಸುತ್ತೇನೆ. ಪೀಣ್ಯ ಮೆಟ್ರೊ ಸ್ಟೇಷನ್ನಿನ ಎಕ್ಸ್‌ರೇ ಯಂತ್ರದಿಂದ ಮೆಮೊರಿ ಕಾರ್ಡ್ ಅಳಿಸಿಹೋಗುವುದಿಲ್ಲ, ದಿನಕ್ಕೆ ಎರಡು ಸಲ ಹಾಕಿದರೂ ಏನೂ ಆಗದು. ಫಿಲ್ಮ್ ರೋಲ್ ಬಳಸುವ ಹವ್ಯಾಸಿಗಳು ಮಾತ್ರ ಅದನ್ನು ಕೈಯಲ್ಲಿ ಕೊಟ್ಟು ನೋಡಲು ಕೇಳಿಕೊಳ್ಳಬೇಕು. ಬ್ಯಾಗಿನ ಮ್ಯಾಗ್ನೆಟ್ ಬಕಲ್ಲಿನಿಂದ ಕಾರ್ಡಿಗಾಗಲೀ ಎಸ್‌ಎಸ್‌ಡಿಗಾಗಲೀ ಅಪಾಯವಿಲ್ಲ. ಅವುಗಳಲ್ಲಿ ಮಾಹಿತಿ ಕಾಂತಶಕ್ತಿಯಿಂದ ಕೂತಿರುವುದಲ್ಲ. ವಿಮಾನಕ್ಕೆ ಹೊರಟರೆ ಬಿಡಿ ಬ್ಯಾಟರಿಗಳನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ಜೊತೆಗೇ ಇರಬೇಕು. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ, ಮೇಲಿನ ಹತ್ತು ಕೆ.ಜಿ.ಯ ಲೆಕ್ಕ ನೆನಪಿರಲಿ.

ದೊಡ್ಡ ನಷ್ಟ ತರುವ ಅಭ್ಯಾಸಗಳು ಇನ್ನೆರಡು. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಆಫ್ ಆಯಿತು ಎಂದುಕೊಂಡು ಬ್ಯಾಗಿಗೆ ತುರುಕುವುದು ಒಂದು. ಈಗಿನ ಹಲವು ವಿಂಡೋಸ್ ಲ್ಯಾಪ್‌ಟಾಪುಗಳು ನಿದ್ದೆಯಲ್ಲೂ ಅರೆಬರೆ ಎಚ್ಚರವಾಗಿರುತ್ತವೆ, ಅಪ್‌ಡೇಟ್ ಎಂದು ತಾವೇ ಎದ್ದೂಬಿಡುತ್ತವೆ. ಸುತ್ತ ಪ್ಯಾಡು, ಗಾಳಿಯಿಲ್ಲ. ಛತ್ರದಿಂದ ಮನೆಗೆ ಬಂದು ಬ್ಯಾಗ್ ತೆರೆದಾಗ ಮುಟ್ಟಲಾಗದ ಬಿಸಿ, ಬ್ಯಾಟರಿ ಖಾಲಿ. ಶಟ್‌ಡೌನ್ ಅಥವಾ ಹೈಬರ್ನೇಟ್ ಮಾಡಿ, ದೀಪ ಆರಿದ್ದು ನೋಡಿ ಒಳಗಿಡಬೇಕು.

ಇನ್ನೊಂದು, ಕೆಲಸವಿಲ್ಲದ ಆಷಾಢದಲ್ಲಿ ಕ್ಯಾಮೆರಾವನ್ನು ಬ್ಯಾಗಿನೊಳಗೇ ಬಿಟ್ಟು ಕಪಾಟಿಗೆ ಸೇರಿಸುವುದು. ಬ್ಯಾಗು ಸಾಗಿಸಲು ಇರುವುದು, ಸಂಗ್ರಹಿಸಲು ಅಲ್ಲ. ಪ್ಯಾಡಿನ ಸ್ಪಂಜು ಬೆವರು, ಮಳೆಯ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕತ್ತಲು, ತೇವ, ನಿಂತ ಗಾಳಿ ಮೂರೂ ಸೇರಿದರೆ ಲೆನ್ಸಿನ ಗಾಜಿಗೆ ಫಂಗಸ್ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್ ಇಷ್ಟು ಸಾಕು. ಮುಳ್ಳು ಶೇ. 40ರಿಂದ 50ರ ಆಸುಪಾಸಿನಲ್ಲಿರಲಿ. ಸಿಲಿಕಾ ಜೆಲ್ಲಿನ ಬದಲು ಅಕ್ಕಿ ಹಾಕುವವರಿದ್ದಾರೆ. ಅಕ್ಕಿ ತೇವ ಎಳೆಯುವುದು ಅಷ್ಟಕ್ಕಷ್ಟೇ, ಅದರ ಹುಡಿ ಮಾತ್ರ ಫೋಕಸ್ ರಿಂಗಿನೊಳಗೆ ಸಲೀಸಾಗಿ ಇಳಿಯುತ್ತದೆ.

ಕಡೆಯದಾಗಿ, ಝಿಪ್ ಹೋದರೆ ಬ್ಯಾಗೇ ಹೋಯಿತು ಎಂಬ ಮಾತು. ಮುಚ್ಚಿದ ಹಿಂದೆಯೇ ಝಿಪ್ ಬಾಯಿ ಬಿಡುತ್ತಿದ್ದರೆ ಹೆಚ್ಚಿನ ಸಲ ಸವೆದಿರುವುದು ಹಲ್ಲಲ್ಲ, ರನ್ನರ್. ಅದನ್ನೊಂದು ಬದಲಿಸಿದರೆ ಸಾಕು, ಬ್ಯಾಗು ಮತ್ತೆ ಕೆಲಸಕ್ಕೆ ಬರುತ್ತದೆ. ರನ್ನರಿನ ಹಿಂಬದಿಯಲ್ಲಿ 5, 8 ಅಥವಾ 10 ಎಂದು ಅಚ್ಚೊತ್ತಿರುವುದುಂಟು. ಅದು ಮುಚ್ಚಿದ ಹಲ್ಲುಗಳ ಅಗಲ, ಹೆಚ್ಚುಕಡಿಮೆ ಮಿಲಿಮೀಟರಿನಲ್ಲಿ. ಹೊಸ ಬ್ಯಾಗ್ ಕೊಳ್ಳುವಾಗ ಮುಖ್ಯ ಬಾಯಿಗೆ 8 ಅಥವಾ 10 ಇರುವುದನ್ನು ನೋಡಿ. ಹಳೆಯದಕ್ಕೆ ರಿಪೇರಿ ಮಾಡಿಸುವಾಗ ಹೊಲಿಯುವವರಿಗೆ ಆ ಸಂಖ್ಯೆಯನ್ನೇ ಹೇಳಿ, ಜೊತೆಗೆ ಭುಜದ ಪಟ್ಟಿಯ ಬುಡಕ್ಕೆ ಒಂದೆರಡು ಬಾರ್‌ಟ್ಯಾಕನ್ನೂ ಹಾಕಿಸಿಕೊಳ್ಳಿ.