ಪುತ್ತೂರು ಕೇರಳಕ್ಕೆ ಹೋದ ಲೆಕ್ಕ

ಗೆಳೆಯರೇ, ಕಳೆದ ವಾರ ನಾನೊಂದು ಲೆಕ್ಕ ಮಾಡಿ ಪುತ್ತೂರು ಪೇಟೆಯನ್ನೇ ಕೇರಳಕ್ಕೆ ಕಳುಹಿಸಿದೆ. ಹೇಗೆ ಅಂತ ಹೇಳ್ತೇನೆ, ನೀವು ಹಾಗೆ ಮಾಡಬೇಡಿ.

ಭೂಮಧ್ಯರೇಖೆಯಿಂದ ಪುತ್ತೂರಿಗೆ ಎಷ್ಟು ದೂರ ಎಂದು ನನಗೆ ತಿಳಿಯಬೇಕಿತ್ತು. ಪುತ್ತೂರಿನ ಅಕ್ಷಾಂಶ ಸುಮಾರು 12° 46′ 12″ ಉತ್ತರ. ಅಂದರೆ 12 ಡಿಗ್ರಿ, 46 ಮಿನಿಟು, 12 ಸೆಕೆಂಡು. ಇದು ಕೋನ. ಕೋನದಿಂದ ದೂರ ಸಿಗಬೇಕಾದರೆ ಅದನ್ನು ರೇಡಿಯನ್‌ಗೆ ತರಬೇಕು.

ರೇಡಿಯನ್ ಎಂದರೆ ಎಂತ? ಒಂದು ದುಂಡು ಬಾವಿಯನ್ನು ನೆನೆಸಿಕೊಳ್ಳಿ. ಅದರ ತ್ರಿಜ್ಯದಷ್ಟೇ ಉದ್ದದ ಹಗ್ಗವನ್ನು ಬಾವಿಯ ಅಂಚಿನ ಮೇಲೆ ಬಾಗಿಸಿ ಇಡಿ. ಹಗ್ಗದ ಎರಡು ತುದಿಗಳಿಂದ ಬಾವಿಯ ನಡುವಿಗೆ ಗೆರೆ ಎಳೆದರೆ ಅಲ್ಲಿ ಆಗುವ ಕೋನವೇ 1 ರೇಡಿಯನ್. ಅಂಚು ಪೂರ್ತಿ ಸುತ್ತಲು ಅಂಥ ಹಗ್ಗ 2π, ಅಂದರೆ ಸುಮಾರು 6.28 ಬೇಕು. ಆದ್ದರಿಂದ 360° = 2π ರೇಡಿಯನ್, 180° = π ರೇಡಿಯನ್.

ಆರ್ಯಭಟನು ಕ್ರಿ.ಶ. 499ರಲ್ಲೇ ತನ್ನ ಜ್ಯಾ ಕೋಷ್ಟಕಕ್ಕೆ ತ್ರಿಜ್ಯವನ್ನು 3438 ಮಿನಿಟು ಎಂದು ಇಟ್ಟುಕೊಂಡಿದ್ದ. ನಮ್ಮ 1 ರೇಡಿಯನ್ ಅನ್ನು ಮಿನಿಟಿಗೆ ತಂದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ!

ಈಗ ಲೆಕ್ಕ ನೋಡಿ.

1) ಮಿನಿಟನ್ನು 60ರಿಂದ ಭಾಗಿಸಿ: 46 ÷ 60 = 0.7667
2) ಸೆಕೆಂಡನ್ನು 3600ರಿಂದ ಭಾಗಿಸಿ: 12 ÷ 3600 = 0.0033
3) ಎಲ್ಲ ಕೂಡಿಸಿ: 12 + 0.7667 + 0.0033 = 12.77°
4) π ಯಿಂದ ಗುಣಿಸಿ 180ರಿಂದ ಭಾಗಿಸಿ: 12.77 × 3.1416 ÷ 180 = 0.22288 ರೇಡಿಯನ್

ಇದನ್ನು ಭೂಮಿಯ ತ್ರಿಜ್ಯ 6371 ಕಿ.ಮೀ.ಯಿಂದ ಗುಣಿಸಿದರೆ ದೂರ ಸುಮಾರು 1420 ಕಿ.ಮೀ.

ನಾನು ಮಾಡಿದ್ದೇನು ಗೊತ್ತುಂಟಾ? 12° 46′ 12″ ಅನ್ನು ಸೀದಾ 12.4612 ಅಂತ ಬರೆದುಬಿಟ್ಟೆ. ಉತ್ತರ 34 ಕಿ.ಮೀ. ಕಡಿಮೆ ಬಂತು. ಪುತ್ತೂರಿನಿಂದ ನೇರ ದಕ್ಷಿಣಕ್ಕೆ 34 ಕಿ.ಮೀ. ಹೋದರೆ ಕಾಸರಗೋಡು ಜಿಲ್ಲೆ! ಡಿಗ್ರಿಗೆ 60 ಮಿನಿಟು, 100 ಅಲ್ಲ ಎಂಬುದನ್ನು ಮರೆತಿದ್ದೆ.

ಸೆಕೆಂಡು ಸಣ್ಣದು, ಬಿಟ್ಟರೆ ಎಂತಾಗ್ತದೆ ಅಂತ ಕೇಳಬೇಡಿ. ಅಕ್ಷಾಂಶದಲ್ಲಿ 1 ಸೆಕೆಂಡು ಎಂದರೆ ನೆಲದ ಮೇಲೆ ಸುಮಾರು 31 ಮೀಟರ್. ಅಷ್ಟು ತಪ್ಪಿದರೆ ನಮ್ಮ ಅಡಿಕೆ ತೋಟ ಹೋಗಿ ನೆರೆಮನೆಯವರ ತೋಟ ಆದೀತು.

ನಿಮಗೊಂದು ಲೆಕ್ಕ: ಸುಳ್ಯದ ಅಕ್ಷಾಂಶ ಸುಮಾರು 12° 33′ 36″. ಸುಳ್ಯ ಪುತ್ತೂರಿಗಿಂತ ಎಷ್ಟು ಕಿ.ಮೀ. ದಕ್ಷಿಣಕ್ಕೆ ಉಂಟು? (ಬಸ್ಸಿನ ದೂರ ಬೇರೆ, ರಸ್ತೆ ಸುತ್ತು ಬಳಸಿ ಹೋಗುತ್ತದೆ.) ಕಡಬದ ಕಡೆಯವರು ನಿಮ್ಮ ಊರಿನದ್ದನ್ನೂ ಮಾಡಿ ನೋಡಿ.

ಉತ್ತರ: ಸುಮಾರು 23 ಕಿ.ಮೀ. ಮೊದಲು ಮಾಡಿ, ಆಮೇಲೆ ನೋಡಿ!