ಟ್ಯಾಂಕಿನ ಬಾಯಿಗೊಂದು ಬೀಗ

ಮಂಡಗದ್ದೆ ಇನ್ನೇನು ಸಿಕ್ಕಿತು ಎನ್ನುವಾಗ ಜೀಪು ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು. ಜುಲೈ ಮಳೆ, ಬೆಳಗಿನ ಜಾವ, ಹಿಂದಿನ ಸೀಟಿನಲ್ಲಿ ಉಸಿರಿಗೆ ಒದ್ದಾಡುತ್ತಿದ್ದ ಅಜ್ಜಿ. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಆಸ್ಪತ್ರೆಗೆ ಹೊರಟಿದ್ದೆವು. ಡೀಸೆಲ್ ಗೇಜು ಕೆಟ್ಟು ವರ್ಷವಾಗಿತ್ತು. ಹಿಂದಿನ ದಿನವಷ್ಟೇ 20 ಲೀಟರ್ ಹಾಕಿಸಿದ್ದ ಅಪ್ಪನಿಗೆ ಅದರ ಚಿಂತೆಯೇ ಇರಲಿಲ್ಲ. ಮುಚ್ಚಳ ತೆಗೆದು ಕಡ್ಡಿಯೊಂದನ್ನು ಟ್ಯಾಂಕಿಗೆ ಇಳಿಸಿ ನೋಡಿದರು. ತುದಿ ಮಾತ್ರ ಒದ್ದೆಯಾಗಿತ್ತು. ರಾತ್ರಿ ಯಾರೋ ಡೀಸೆಲ್ ಕದ್ದಿದ್ದರು.

ಪೆಟ್ರೋಲ್ ಗಾಡಿಯಾಗಿದ್ದರೆ ಒಂದು ಕ್ಯಾನ್ ತಂದು ಸುರಿದು ಹೊರಡಬಹುದಿತ್ತು. ಹಳೆಯ ಡೀಸೆಲ್ ಎಂಜಿನ್ ಹಾಗಲ್ಲ. ಟ್ಯಾಂಕ್ ಬರಿದಾದರೆ ಪೈಪಿನೊಳಗೆ ಗಾಳಿ ಸೇರುತ್ತದೆ. ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ, ಗುಳ್ಳೆ ಬರುವುದು ನಿಲ್ಲುವ ತನಕ 'ಏರ್ ತೆಗೆಯಬೇಕು'. ನಮ್ಮ ಪುಣ್ಯಕ್ಕೆ ಹಾಲಿನ ವ್ಯಾನೊಂದು ಬಂದು ಅಜ್ಜಿಯನ್ನು ಕರೆದೊಯ್ಯಿತು. ಅಜ್ಜಿ ಉಳಿದರು. ಅದು 1990ರ ದಶಕ. ಇಂಧನದ ಮುಚ್ಚಳ ನನ್ನ ಪಾಲಿಗೆ ಸಣ್ಣ ವಸ್ತುವಾಗಿ ಉಳಿಯದೆ ಹೋದದ್ದು ಅಂದಿನಿಂದ.

ನಮ್ಮ ಮನೆಗೂ ರಸ್ತೆಗೂ ನಡುವೆ ಹಳ್ಳವಿತ್ತು. ಮಳೆಗಾಲದಲ್ಲಿ ಜೀಪು ಆಚೆ ದಡದ ಶೆಡ್ಡಿನಲ್ಲೇ ನಿಲ್ಲುತ್ತಿತ್ತು. ಮೈಪಕ್ಕದಲ್ಲೇ ಬಯಲಿಗೆ ಕಾಣುವ ಮುಚ್ಚಳ, ತಿರುಗಿಸಿದರೆ ಕೈಗೆ ಬರುವಂಥದ್ದು. ಕಳ್ಳನಿಗೆ ಬೇಕಾದದ್ದು ಒಂದು ರಬ್ಬರ್ ಪೈಪು, ಒಂದು ಕ್ಯಾನು, ಅಷ್ಟೆ. ಒಮ್ಮೆ ಬಾಯಲ್ಲಿ ಎಳೆದು ಪೈಪಿನ ತುದಿಯನ್ನು ಟ್ಯಾಂಕಿನ ಮಟ್ಟಕ್ಕಿಂತ ಕೆಳಗೆ ಹಿಡಿದರೆ ಉಳಿದದ್ದು ತಾನಾಗಿ ಹರಿದು ಬರುತ್ತದೆ. (ಸ್ವಂತ ಗಾಡಿಯಿಂದಲೂ ಹೀಗೆ ಬಾಯಲ್ಲಿ ಎಳೆಯಬೇಡಿ. ಪೆಟ್ರೋಲ್, ಡೀಸೆಲ್ ಗುಟುಕು ನೆತ್ತಿಗೇರಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ನುಂಗಿದವರಿಗೆ ವಾಂತಿ ಮಾಡಿಸಲೂ ಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು.)

ಹೋದ ಡೀಸೆಲ್ಲಿಗಿಂತ ಹೆಚ್ಚಿನ ನಷ್ಟ ಬೇರೆಯದು. ತೋಟದ ಕೆಲಸಕ್ಕೆ ಬರುತ್ತಿದ್ದ ಹುಡುಗನೊಬ್ಬ ವಾರಕ್ಕೊಮ್ಮೆ ಜೀಪು ತೊಳೆಯುತ್ತಿದ್ದ. ಅವನ ಮೇಲೆ ಅನುಮಾನ ಬಿತ್ತು. ಅಪ್ಪ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೂ ಅವನಿಗೆ ತಿಳಿಯಿತು. ಕೆಲಸಕ್ಕೆ ಬರುವುದನ್ನೇ ಬಿಟ್ಟ.

ಬೀಗವಿಲ್ಲದ ಟ್ಯಾಂಕು ಸುತ್ತಲಿನ ಎಲ್ಲರನ್ನೂ ಸಂಶಯಕ್ಕೆ ಒಡ್ಡುತ್ತದೆ. ಇದನ್ನು ಲಾರಿ ಚಾಲಕರಷ್ಟು ಬಲ್ಲವರು ಬೇರೆ ಇಲ್ಲ. ದೊಡ್ಡ ಲಾರಿಯ ಟ್ಯಾಂಕಿನಲ್ಲಿ 300 ಲೀಟರಿಗೂ ಮಿಕ್ಕಿ ಡೀಸೆಲ್ ಹಿಡಿಯುತ್ತದೆ. ತುಮಕೂರು, ಚಿತ್ರದುರ್ಗ, ದಾವಣಗೆರೆ ದಾಟಿ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಡಾಬಾ ಮುಂದೆ ಗಾಡಿ ನಿಲ್ಲಿಸಿ ಮೂರು ತಾಸು ಕಣ್ಣು ಮುಚ್ಚಿದವನಿಗೆ, ಆ ಹೊತ್ತಿನಲ್ಲಿ ಇಳಿದ ಡೀಸೆಲ್ಲಿನ ಲೆಕ್ಕ ಒಪ್ಪಿಸುವುದು ಸುಲಭವಲ್ಲ. ಮಾಲೀಕ ಮೊದಲು ಕೇಳುವುದು ಅವನನ್ನೇ. ಅವನ ಟ್ಯಾಂಕಿಗೆ ಗಟ್ಟಿ ಬೀಗ, ಬಾಯಿಯೊಳಗೆ ಪೈಪು ಇಳಿಯದಂತೆ ಜಾಲರಿ ಹಾಕಿಸಿಕೊಡುವುದು ಮಾಲೀಕನ ಹೊಣೆ ಎಂದೇ ನಾನು ನಂಬಿದ್ದೇನೆ.

ಇಂಧನ ತುಟ್ಟಿಯಾದಾಗಲೆಲ್ಲ ಈ ಬೀಗ ನೆನಪಾಗುತ್ತದೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಅಮೆರಿಕದ ಬಂಕುಗಳ ಮುಂದೆ ಉದ್ದದ ಸಾಲು ನಿಂತಿತು. ರಾತ್ರಿ ಟ್ಯಾಂಕಿಗೆ ಪೈಪು ಹಾಕುವವರು ಹೆಚ್ಚಿದರು, ಬೀಗದ ಮುಚ್ಚಳಕ್ಕೆ ಜನ ಮುಗಿಬಿದ್ದರು. ನಮ್ಮಲ್ಲಿ ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿದ್ದು 2021ರಲ್ಲಿ. 37 ಲೀಟರ್ ಹಿಡಿಯುವ ಸಣ್ಣ ಕಾರಿನ ತುಂಬಿದ ಟ್ಯಾಂಕೆಂದರೆ 3,700 ರೂಪಾಯಿ. ಅಷ್ಟು ದುಡ್ಡನ್ನು ಯಾರೂ ಬೀದಿಯಲ್ಲಿ ಇಟ್ಟು ಮಲಗುವುದಿಲ್ಲ.

ನಮ್ಮ ಜೀಪಿನ ಆ ಕಳ್ಳತನದ ಬಳಿಕ ಅಪ್ಪ ಶಿವಮೊಗ್ಗದ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಲಾಕ್ ಕ್ಯಾಪ್ ತಂದು ಹಾಕಿದರು. ಮರುವಾರದಿಂದ ಹೊಸ ತೊಂದರೆ. ಒಂದು ತಾಸು ಓಡಿದರೆ ಜೀಪು ಸೊರಗಿ ನಿಲ್ಲುವುದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುವುದು. ಫಿಲ್ಟರ್ ಬದಲಾಯಿಸಿದ್ದಾಯಿತು, ಪೈಪು ಊದಿಸಿದ್ದಾಯಿತು. ಕೊನೆಗೆ ಮೆಕ್ಯಾನಿಕ್ ಒಬ್ಬರು ಗಾಡಿ ನಿಂತ ಕೂಡಲೇ ಮುಚ್ಚಳ ತೆರೆದರು. 'ಸ್ಸ್' ಎಂದು ಗಾಳಿ ಒಳಗೆ ನುಗ್ಗಿತು. "ಟ್ಯಾಂಕಿಗೂ ಉಸಿರು ಬೇಕು ಸ್ವಾಮಿ, ನೀವು ಮೂಗು ಮುಚ್ಚಿದೀರಿ" ಎಂದರು.

ಡೀಸೆಲ್ ಖಾಲಿಯಾದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಬಾರದಿದ್ದರೆ ಒಳಗೆ ನಿರ್ವಾತವಾಗಿ ಪಂಪು ಎಷ್ಟು ಎಳೆದರೂ ಇಂಧನ ಬರುವುದಿಲ್ಲ. ಹಾಗೆಂದು ಮುಚ್ಚಳಕ್ಕೆ ತೂತು ಕೊರೆಯುವುದು ದಾರಿಯಲ್ಲ. ಪೆಟ್ರೋಲಿನಲ್ಲಂತೂ ಆವಿ ಹೊರಬಂದು ಬೆಂಕಿಗೆ ದಾರಿಯಾದೀತು. ಈಗಿನ ಪೆಟ್ರೋಲ್ ಕಾರುಗಳಲ್ಲಿ ಆ ಆವಿಯನ್ನು ಇದ್ದಿಲಿನ ಡಬ್ಬಿಯೊಂದು ಹೀರಿಕೊಂಡು ಮತ್ತೆ ಎಂಜಿನ್ನಿಗೆ ಕಳಿಸುತ್ತದೆ. ಆವಿಯನ್ನು ಹೊರಗೆ ಬಿಡದೆ, ಬೇಕಾದಾಗ ಗಾಳಿಯನ್ನು ಒಳಗೆ ಬಿಡುವ ಸಣ್ಣ ವಾಲ್ವನ್ನು ಮುಚ್ಚಳದಲ್ಲೇ ಇಟ್ಟಿರುವ ಕಾರುಗಳು ಬಹಳ. ಆದ್ದರಿಂದ ಲಾಕ್ ಕ್ಯಾಪ್ ಕೊಳ್ಳುವಾಗ ಬರೀ ಅಳತೆ ಸಾಲದು. ಗಾಡಿಯ ಮಾಡೆಲ್ ಹೇಳಿ, ಅದಕ್ಕೆಂದೇ ಮಾಡಿದ್ದನ್ನು ಕೇಳಿ ತೆಗೆದುಕೊಳ್ಳಿ.

ಮುಚ್ಚಳದ ರಬ್ಬರ್ ಉಂಗುರವನ್ನೂ ಒಮ್ಮೆ ಬೆರಳಾಡಿಸಿ ನೋಡಿ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ, ಎಥೆನಾಲಿಗೆ ನೀರೆಂದರೆ ಸೆಳೆತ. ನೀರು ಮಿತಿಮೀರಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಪಂಪು ಎಳೆಯುವುದೂ ತಳದಿಂದಲೇ. ಮಲೆನಾಡು, ಕರಾವಳಿಯ ಮಳೆಯಲ್ಲಿ ಬಯಲಲ್ಲೇ ನಿಲ್ಲುವ ಗಾಡಿಗೆ ಬಿರುಕು ಬಿಟ್ಟ ಉಂಗುರ ಕೂಡದು.

ಹೊಸ ಕಾರುಗಳಲ್ಲಿ ಬೀಗದ ಮುಚ್ಚಳ ಕಡಿಮೆ. ಸೀಟಿನ ಪಕ್ಕದ ಲಿವರ್ ಎಳೆದರೆ ಹೊರಗಿನ ಬಾಗಿಲು ತೆರೆಯುತ್ತದೆ. ಇನ್ನು ಕೆಲವದರಲ್ಲಿ ಕಾರಿನ ಬಾಗಿಲು ಲಾಕ್ ಆದಾಗ ಇದೂ ಲಾಕ್ ಆಗುತ್ತದೆ. ಅನುಕೂಲವೇ. ಆದರೆ ಮನೆ ಮುಂದೆ ತಾನೇ ಎಂದು ಕಾರು ಲಾಕ್ ಮಾಡದೆ ಒಳಗೆ ಹೋದಿರೋ, ಟ್ಯಾಂಕೂ ತೆರೆದೇ ಇರುತ್ತದೆ. ಲಿವರಿನ ಕೇಬಲ್ ತುಂಡಾದರೆ, ಲಾಕ್ ಕಚ್ಚಿಕೊಂಡರೆ ಬಂಕಿನಲ್ಲಿ ಪೇಚಾಟ. ಹಲವು ಕಾರುಗಳಲ್ಲಿ ಡಿಕ್ಕಿಯ ಒಳಬದಿಯ ಹೊದಿಕೆಯ ಹಿಂದೆ ಕೈಯಿಂದ ಎಳೆದು ತೆರೆಯುವ ದಾರವೋ ಕೊಂಡಿಯೋ ಇರುತ್ತದೆ. ನಿಮ್ಮದರಲ್ಲಿ ಎಲ್ಲಿದೆ ಎಂದು ಈ ಭಾನುವಾರವೇ ಹುಡುಕಿಟ್ಟುಕೊಳ್ಳಿ.

ಕೀ ಹಾಕುವ ಮುಚ್ಚಳ ಇದ್ದವರು ಬೀಗದ ತೂತಿಗೆ ಎಣ್ಣೆ ಬಿಡಬೇಡಿ, ಧೂಳು ಮೆತ್ತಿಕೊಳ್ಳುತ್ತದೆ. ಗ್ರಾಫೈಟ್ ಪುಡಿ ಒಳ್ಳೆಯದು, ಪೆನ್ಸಿಲ್ ಸೀಸದ ಪುಡಿಯೂ ನಡೆದೀತು. ಎರಡನೆಯ ಕೀಯನ್ನು ಮೊದಲನೆಯದರ ಗೊಂಚಲಿಗೇ ಸೇರಿಸಬೇಡಿ.

ನಮ್ಮ ಲಾಕ್ ಕ್ಯಾಪಿಗೂ ಎರಡು ಕೀ ಬಂದಿದ್ದವು. ಉಸಿರಾಡುವ ಸರಿಯಾದ ಮುಚ್ಚಳ ಸಿಕ್ಕ ಮೇಲೆ ಅಪ್ಪ ಒಂದನ್ನು ತಮ್ಮ ಗೊಂಚಲಿಗೆ ಹಾಕಿಕೊಂಡರು. ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡು ಹಳ್ಳ ದಾಟಿ ಆ ಹುಡುಗನ ಮನೆಗೆ ಹೋದರು. "ಜೀಪು ಕೆಸರಾಗಿದೆ ಮಾರಾಯ, ನಾಳೆ ಬಾ. ಇದು ನಿನ್ನ ಹತ್ರಾನೇ ಇರಲಿ" ಎಂದು ಕೊಟ್ಟು ಬಂದರು. ಮರುದಿನ ಅವನು ಬಂದ.